ತೊಂಬತ್ತಾರರ ನಂತರದ ಪುಟ

ಶಾಲೆಯ ಗೇಟಿನ ಬಳಿ ಅವಳನ್ನು ಬೈಂಡಿಂಗಮ್ಮ ಎನ್ನುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಹದಿನಾಲ್ಕು ವರ್ಷದಿಂದ ಅವಳದು ಒಂದೇ ಕೆಲಸ: ಅಚ್ಚಾಗಿ ಮಡಚಿ ಬಂದ ಹದಿನಾರು ಪುಟಗಳ ಫಾರಂಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಪೇರಿಸಿಟ್ಟು, ಸುತ್ತ ನಡೆಯುತ್ತ ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿ ಪುಸ್ತಕ ಜೋಡಿಸುವುದು. ಜೋಡಿಸುವಾಗ ಕಣ್ಣಿಗೆ ಬಿದ್ದ ಸಾಲುಗಳಿಂದ ಓದುವ ಚಟ ಅಂಟಿಕೊಂಡಿತ್ತು. ಮಗಳ ತರಗತಿಯ ತಾಯಂದಿರು ಓದುಕೂಟ ನಡೆಸುತ್ತಾರೆಂದು ಕೇಳಿ ತಾನೇ ಹೋಗಿ ಸೇರಿಕೊಂಡಳು. ಯಾರೂ ಕರೆದಿರಲಿಲ್ಲ.

ಆ ತಿಂಗಳು ಕೂಟ ಒಂದೇ ಕಟ್ಟಿನಿಂದ ಏಳು ಪ್ರತಿ ತರಿಸಿದ ಕಾದಂಬರಿ ಅವಳ ಮೇಜಿನ ಮೇಲೇ ಜೋಡಣೆಯಾದದ್ದು. ತನ್ನ ಪ್ರತಿ ಬಿಡಿಸಿದರೆ ತೊಂಬತ್ತಾರನೆಯ ಪುಟ ಆದಮೇಲೆ ನೂರಹದಿಮೂರು. ಏಳನೆಯ ಫಾರಮ್ಮೇ ಇಲ್ಲ; ಒಂದೇ ಕಟ್ಟಿನವಾದ್ದರಿಂದ ಉಳಿದ ಆರರಲ್ಲೂ ಇರಲಾರದು. ಮಗಳಿಗೆ ಜ್ವರ ಬಂದ ದಿನ ಜೀವವೆಲ್ಲ ಮನೆಯಲ್ಲಿತ್ತು, ಆ ರಾಶಿ ಖಾಲಿಯಾದದ್ದನ್ನು ನೋಡದೆ ಮುಂದಿನದಕ್ಕೆ ಕೈಹಾಕಿದ್ದಳು. ಹಿಂದೊಮ್ಮೆ ಹೀಗಾದಾಗಲೇ ಬೈಂಡಿಂಗ್ ಅಂಗಡಿಯ ಯಜಮಾನರು ಹೇಳಿದ್ದರು: ‘ಇನ್ನೊಂದ್ಸಲ ಹೀಗಾದ್ರೆ ಬರೋದೇ ಬೇಡಮ್ಮ.’ ಅಂಗಡಿಯಲ್ಲಿ ಮಿಕ್ಕಿದ್ದ ಏಳನೆಯ ಫಾರಂ ಒಂದನ್ನು ಹುಡುಕಿ ಓದಿಕೊಂಡಳು. ಪುಟದ ಮಾತೆದ್ದ ಕೂಡಲೇ ಎಲ್ಲರ ಕಾಲು ಹಿಡಿದಾದರೂ ಪುಸ್ತಕ ವಾಪಸ್ ತಂದು ಸರಿಮಾಡಿಕೊಡುವುದೆಂದು ನಿಶ್ಚಯಿಸಿ, ಕೆಲಸದಿಂದ ನೇರ ಹೊರಟಳು.

ಕೂಟ ಸೇರುವುದು ಹಲ್ಲಿನ ಡಾಕ್ಟರಮ್ಮನ ಮನೆಯಲ್ಲಿ. ಒಳಗೆ ಬರುತ್ತಿದ್ದಂತೆ ಆಕೆ, ‘ಚಪ್ಪಲಿ ಹೊರಗಡೆ ಬಿಡು, ಕಾಲಿಗೆ ಗೋಂದು ಗೀಂದು ಇದ್ರೆ ಒರೆಸ್ಕೊಂಡು ಬಾ’ ಎಂದರು. ಉಳಿದವರಿಗೆಲ್ಲ ನೀವು, ಇವಳೊಬ್ಬಳಿಗೆ ನೀನು. ಇವಳು ಹಲ್ಲು ಕಚ್ಚಿಕೊಂಡು ಮೂಲೆಯ ಕುರ್ಚಿ ಹಿಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಪುಸ್ತಕ ಬಿಡಿಸಿದರೂ ಯಾವ ಪುಟವೆಂದು ಕತ್ತು ಚಾಚಿ ನೋಡುತ್ತಿದ್ದಳು.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಪುಟ ಇಲ್ಲವೆಂದು ಒಬ್ಬರೂ ಉಸಿರೆತ್ತಲಿಲ್ಲ. ಬ್ಯಾಂಕಿನ ಅಧಿಕಾರಿಣಿಯಂತೂ ಕಣ್ಣು ಮುಚ್ಚಿ ತಲೆದೂಗಿದರು. ‘ನಡುವೆ ಒಂದು ಜಿಗಿತ ಬರುತ್ತಲ್ಲ, ಮಗು ಕೈ ಹಿಡ್ಕೊಂಡಿದ್ದೋಳು ಇದ್ದಕ್ಕಿದ್ದಂಗೆ ಬೇರೆ ಊರಲ್ಲಿ ಒಬ್ಳೇ ಇರ್ತಾಳೆ. ಆ ಮೌನ ಇದೆಯಲ್ಲ, ಅದೇ ಕಲೆ.’

ಇವಳಿಗೆ ಮೊದಲು ಹೋದ ಜೀವ ಬಂದಂತಾಯಿತು. ಬಚಾವಾದೆ, ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯಿತು ಎಂದುಕೊಂಡಳು. ಆಮೇಲೆ ಸಿಟ್ಟು ಬಂತು. ಸರಿಯಾಗಿ ಓದದವರ ಮುಂದೆ ತಾನು ಒಂದು ವರ್ಷದಿಂದ ಕೈಕಟ್ಟಿ ಕೂತಿದ್ದೆನಲ್ಲ ಎಂಬ ಸಿಟ್ಟು.

‘ಮೌನ ಅಲ್ಲ ರೀ, ಕಲ್ಲು ಹೃದಯ,’ ಎಂದರು ಡಾಕ್ಟರಮ್ಮ. ‘ಕಾರಣಾನೇ ಇಲ್ದೆ ಮಗು ಬಿಟ್ಟು ಹೋಗ್ತಾಳೆ. ಕೆಲವು ಹೆಂಗಸ್ರೇ ಹಾಗೆ. ನಮ್ಮ ಸ್ಕೂಲಲ್ಲೇ ನೋಡಿ, ಏಳು ಗಂಟೆ ತನಕ ಒಂದು ಮಗು ಗೇಟ್ ಹತ್ರ ವಾಚ್‌ಮನ್ ಜೊತೆ ಕೂತಿರುತ್ತೆ.’

ಆ ಮಗು ಇವಳದೇ. ಎಲ್ಲರಿಗೂ ಗೊತ್ತಿತ್ತು. ಒಬ್ಬಾಕೆ ಟೀ ಲೋಟ ನೋಡಿದರೆ ಇನ್ನೊಬ್ಬಾಕೆ ತುಟಿಯಂಚಿನಲ್ಲಿ ನಕ್ಕರು.

‘ಕಾರಣ ಇದೆ ಮೇಡಂ,’ ಎಂದಳು ಬೈಂಡಿಂಗಮ್ಮ. ‘ಅವ್ಳು ಮಗೂನ ಕರ್ಕೊಂಡು ಅಕ್ಕನ ಮನೆ, ಅತ್ತೆ ಮನೆ, ಗೆಳತಿ ಮನೆ ಎಲ್ಲಾ ಸುತ್ತುತ್ತಾಳೆ. ಒಬ್ರೂ ಇಟ್ಕೊಳ್ಳಲ್ಲ. ಆಮೇಲೆ ಹಾಸ್ಟೆಲ್‌ಗೆ ಬಿಟ್ಟು ಕೆಲಸಕ್ಕೆ ಹೋಗ್ತಾಳೆ. ಹದಿನಾರು ಪುಟ ಬರೀ ಅದೇ ಇದೆ.’

‘ಯಾವ ಪುಸ್ತಕದ ಕತೆ ಹೇಳ್ತಿದೀಯ ನೀನು?’

‘ಇದರದ್ದೇ. ತೊಂಬತ್ತೇಳನೇ ಪುಟ ತೆಗೀರಿ.’

ಆರು ಪುಸ್ತಕ ಸರಸರ ಎಂದವು. ಆರರಲ್ಲೂ ತೊಂಬತ್ತಾರರ ಪಕ್ಕದಲ್ಲಿ ನೂರಹದಿಮೂರು. ಬ್ಯಾಂಕಿನಾಕೆ ಕಲೆಯ ಮಾತೆತ್ತಲಿಲ್ಲ.

ಡಾಕ್ಟರಮ್ಮನ ಮುಖ ಕೆಂಪೇರಿತು. ‘ಅಂದ್ರೆ ನಿಮ್ ಬೈಂಡಿಂಗ್‌ನವರ ತಪ್ಪು. ಯಾರು ಜೋಡಿಸಿದ್ದು ಇದನ್ನ?’

‘ನಾನೇ.’

‘ನಿಮ್ ಯಜಮಾನ್ರ ನಂಬರ್ ಕೊಡು. ಈಗ್ಲೇ ಮಾತಾಡ್ತೀನಿ.’

ಅವಳು ನಂಬರನ್ನು ಒಂದೊಂದೇ ಅಂಕಿಯಾಗಿ, ಬರೆದುಕೊಳ್ಳುವಷ್ಟು ನಿಧಾನವಾಗಿ ಹೇಳಿದಳು. ನಾಳೆಯಿಂದ ಆ ಮೇಜಿನ ಸುತ್ತ ನಡೆಯುವುದು ತಪ್ಪಿತೆಂದು ಅವಳಿಗೆ ಗೊತ್ತಿತ್ತು.

‘ಮಾಡಿ ಮೇಡಂ,’ ಎಂದಳು. ‘ಪುಟ ಇಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು ಅಂತ ಅವ್ರು ಕೇಳೇ ಕೇಳ್ತಾರೆ. ಅದನ್ನೂ ನೀವೇ ಹೇಳಿ.’

ಡಾಕ್ಟರಮ್ಮನ ಹೆಬ್ಬೆರಳು ಫೋನಿನ ಮೇಲೆ ಹಾಗೇ ನಿಂತಿತ್ತು.