ಕೈ ಮೂಸುವ ಗಾಳೆವ್ವ

ಅನ್ನ ಬಡಿಸುವ ಮುನ್ನ ಗಾಳೆವ್ವ ನಮ್ಮ ಕೈ ಮೂಸುತ್ತಿದ್ದಳು. ಕೂಡ್ಲಿಗಿಯಲ್ಲಿ ನಾನಿದ್ದ ಹಾಸ್ಟೆಲಿನ ಅಡಿಗೆಯವಳು ಆಕೆ. ವಾರ್ಡನ್ನರಿಗಿಂತ ನಮಗೆ ಆಕೆಯ ಮೂಗಿನ ಭಯವೇ ಹೆಚ್ಚು. ಬೀಡಿ, ಗುಟ್ಕಾ, ಕದ್ದ ಪೇರಲಹಣ್ಣು, ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. "ಹದಿನಾರು ವರ್ಸದ ಹುಡುಗನ್ನ ನಂಬಬಾರ್ದು ನೋಡ್ರಿ. ನಾನು ಹಡದ ಮಗನಾದ್ರೂ ಅಷ್ಟ" ಎಂದು ವಾರ್ಡನ್ನರಿಗೇ ಹೇಳುತ್ತಿದ್ದಳು. ಉಪ್ಪಿನಕಾಯಿ ಭರಣಿಗೂ ಬೀಗ ಹಾಕುವ ಮಹಾತಾಯಿ!

ಆಕೆಯ ಗುಮಾನಿ ಸುಳ್ಳೇನೂ ಆಗಿರಲಿಲ್ಲ. ನಾನು, ಕೊಟ್ರೇಶಿ, ಬಸ್ಯಾ ಸಂಜೆ ಆಟದ ಹೊತ್ತಿನಲ್ಲಿ ಹೊಲಗಳಿಗೆ ನುಗ್ಗಿ, ಬೋರ್‌ವೆಲ್ ಕೇಬಲ್ ಕತ್ತರಿಸಿ ಸುಟ್ಟು, ತಾಮ್ರವನ್ನು ಗುಜರಿಗೆ ಹಾಕುತ್ತಿದ್ದೆವು. ಒಬ್ಬೊಬ್ಬರೇ ಇದ್ದಾಗ ಮೂವರೂ ಪುಕ್ಕಲರು. ಕೂಡಿದರೆ ಸಾಕು, ಯಾರ ಬಾಯಿಂದಲೂ 'ಬ್ಯಾಡ' ಎಂಬ ಮಾತು ಹೊರಡುತ್ತಿರಲಿಲ್ಲ. ನಾಚಿಕೆಗೇಡು, ಆದರೆ ನಿಜ.

ಒಂದು ದಿನ ಊಟದ ಹೊತ್ತಿಗೆ ಗಾಳೆವ್ವ ನನ್ನ ಕೈ ಬಿಡಲೇ ಇಲ್ಲ.

"ರಬ್ಬರ್ ಸುಟ್ಟ ವಾಸನಿ ಐತಿ. ಯಾರ ಬೆಳಿ ಒಣಗಿಸಿ ಬಂದ್ಯೋ?"

ಆಕೆ ವಾರ್ಡನ್ನರ ಕಡೆ ತಿರುಗಲಿಲ್ಲ. ನಮ್ಮ ಮೂವರನ್ನೂ ಒಳಗೆ ಕರೆದು, "ನಾಳಿಂದ ಸಂಜಿಕ ಅಡಿಗಿಮನಿಗೆ ಬಂದು ಉಳ್ಳಾಗಡ್ಡಿ ಸುಲೀರಿ. ಅದೊಂದು ಹೊತ್ತು ದಾಟಿದ್ರ ಮನುಷ್ಯಾರಾಗ್ತೀರಿ" ಅಂದಳು.

ಮರುದಿನ ನಾನೊಬ್ಬನೇ ಹೋದೆ. ಅದೇ ಸಂಜೆ ಹೊಲದಲ್ಲಿ ಹೊಂಚು ಹಾಕಿದ್ದ ಪೊಲೀಸರು ಉಳಿದಿಬ್ಬರನ್ನು ಹಿಡಿದರು. ಪುಣ್ಯಾತ್ಮರು, ನನ್ನ ಹೆಸರು ಬಾಯಿಬಿಡಲಿಲ್ಲ. ಇಬ್ಬರ ಓದೂ ಅಲ್ಲಿಗೇ ನಿಂತಿತು. ಸುದ್ದಿ ಮುಟ್ಟಿಸಿದ್ದು ಯಾರು? ನನ್ನೊಬ್ಬನನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು ಅವರನ್ನು ಗಾಳೆವ್ವನೇ ಬಲಿಕೊಟ್ಟಳೇ? ಆ ಅನುಮಾನ ನನ್ನನ್ನು ಹತ್ತು ವರ್ಷ ಕೊರೆಯಿತು.

ಹೋದ ವರ್ಷ ಆಕೆ ಹೊಸಹಳ್ಳಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ನೋಡಲು ಹೋದೆ. ಕೇಳಿಯೇಬಿಟ್ಟೆ.

"ಹೂಂ, ನಾನ ಹೇಳಿದ್ದು" ಎಂದಳು, ಎಳ್ಳಷ್ಟೂ ಅಳುಕದೆ. "ಮೂರು ಮಂದಿ ಬರ್ತಾರ, ಹಿಡೀರಿ ಅಂದಿದ್ದೆ. ನೀವು ಅಡಿಗಿಮನಿಗೆ ಬರ್ತೀರಂತ ನನಗೇನ್ ನಂಬಿಕಿ ಇತ್ತು? ಆದ್ರ ನೀ ಬಂದಿ. ಯಾಕ ಬಂದಿ, ಖರೇ ಹೇಳು ತಮ್ಮಾ."

ಅಂದು ನನ್ನ ಚಪ್ಪಲಿ ಕಿತ್ತುಹೋಗಿತ್ತು. ಹೊಲದ ಜಾಲಿಮುಳ್ಳಿನ ದಾರಿಯಲ್ಲಿ ಬರಿಗಾಲಲ್ಲಿ ನಡೆಯಲಾರದೆ ಉಳಿದಿದ್ದೆ, ಅಷ್ಟೆ.

"ನಿನ್ನ ಮಾತಿಗೆ ಬುದ್ಧಿ ಬಂತವ್ವಾ" ಅಂದೆ.

ಯಾರನ್ನೂ ನಂಬದ ಆ ಹೆಂಗಸು ಅದನ್ನು ನಂಬಿದಳು. ಮಗಳನ್ನು ಕೂಗಿ, "ನೋಡವಾ, ನನ್ನ ಮಾತು ಕೇಳಿ ಒಂದು ಹುಡುಗ ಉಳಕೊಂತು" ಎಂದು ಅತ್ತಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ವಾರದೊಳಗೆ ತೀರಿಕೊಂಡಳು. ಮಣ್ಣಿಗೆ ಕೊಟ್ರೇಶಿಯೂ ಬಂದಿದ್ದ. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು, "ಅವ್ವ ನನ್ನೂ ಕರದಿದ್ಲು, ನಾನ ಹೋಗಲಿಲ್ಲ. ನೀ ಶಾಣ್ಯಾ ಅದೀಯಲೇ" ಅಂದ.

ಅವನಿಗೂ ಚಪ್ಪಲಿಯ ಸಂಗತಿ ಹೇಳಲಿಲ್ಲ.