ರೇಡಿಯೊ ಭಾವ ಕೊಂಡ ರಬ್ಬರ್ ದೋಣಿ

ದಡದಲ್ಲಿ ಅವನನ್ನು ಎಲ್ಲರೂ ರೇಡಿಯೊ ಎಂದೇ ಕರೆಯುತ್ತಿದ್ದರು. ಬಾಯಿ ತೆರೆದನೆಂದರೆ ಮುಚ್ಚುವ ಪೈಕಿಯಲ್ಲ. ಬಲೆ ಸರಿಮಾಡುವವರ ಹತ್ತಿರ ಕೂತರೆ ಬಲೆಯ ಮಾತು, ಮಂಜುಗಡ್ಡೆ ಗಾಡಿಯವನು ಸಿಕ್ಕರೆ ಮಂಜುಗಡ್ಡೆಯ ಮಾತು, ಯಾರೂ ಸಿಗದಿದ್ದರೆ ಬೀದಿನಾಯಿಯಾದರೂ ಸರಿ. ಹೆಂಡತಿಯ ತಮ್ಮ, ದಿನವೂ ಅವನ ಜೊತೆಗೇ ಕಡಲಿಗಿಳಿಯುವವನು, ಅವನನ್ನು ರೇಡಿಯೊ ಭಾವ ಅನ್ನುತ್ತಿದ್ದ. "ನಮ್ಮ ಭಾವನಿಗೆ ಎಲ್ಲಾ ಸರಿ ಇದೆ, ಆಫ್ ಮಾಡೋ ಗುಂಡಿ ಒಂದು ಇಡೋದು ಮರೆತಿದ್ದಾರೆ" ಎಂದು ನಾಲ್ಕು ಜನರನ್ನು ನಗಿಸುತ್ತಿದ್ದ.

ರೇಡಿಯೊ ಮಾತಾಡುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಅಡ್ಡಹೆಸರು ಇಟ್ಟವರಿಗೆ ತಾವು ಎಷ್ಟು ಸರಿಯಾಗಿ ಇಟ್ಟಿದ್ದೇವೆಂದು ಗೊತ್ತಿರಲಿಲ್ಲ. ಅವನಿಗೆ ಎರಡೂ ಕಿವಿ ಹೋಗಿದ್ದವು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಎಡಗಿವಿ ಹೋದದ್ದು ಹರೆಯದಲ್ಲಿ. ಆಗ ಮುಳುಗುತ್ತಿದ್ದವನು ಅವನೇ. ಉಸಿರು ಕಟ್ಟಿ ಕೆಳಗಿಳಿದು ಬಂಡೆಗೆ ಅಂಟಿದ ಕಪ್ಪೆಚಿಪ್ಪು ಕೆರೆದು ತರುತ್ತಿದ್ದ, ಸಂದಿಯಲ್ಲಿ ಅಡಗಿದ ಮೀನಿಗೆ ಈಟಿ ಹಾಕುತ್ತಿದ್ದ. ನೆಗಡಿಯಾದಾಗ ಮುಳುಗಬಾರದೆಂದು ಆ ಕಸುಬಿನವರ ಮನೆಯ ಕೂಸಿಗೂ ಗೊತ್ತು. ಇವನಿಗೂ ಗೊತ್ತಿತ್ತು. ಆದರೆ ಆ ದಿನ ನೀರು ತಿಳಿಯಾಗಿತ್ತು, ಮನೆಯಲ್ಲಿ ಮೂಗು ಸೀಟಿಕೊಂಡು ಕೂರಲು ಮನಸ್ಸಾಗಲಿಲ್ಲ. ಕೆಳಗೆ ಕಿವಿಯೊಳಗೆ ಏನೋ ಪಟ್ಟೆಂದು ಹರಿಯಿತು, ತಲೆ ತಿರುಗಿತು, ಮೇಲು ಯಾವುದು ಕೆಳಗು ಯಾವುದೆಂದು ತಿಳಿಯದೆ ಹೇಗೋ ಜೀವ ಉಳಿಸಿಕೊಂಡು ಎದ್ದ. ಅಂದಿನಿಂದ, ನೀರಿನಡಿ ತಲೆ ಸುತ್ತುತ್ತದೆ ಎಂಬ ನೆಪದಲ್ಲಿ, ಮುಳುಗುವುದು ಭಾಮೈದನ ಪಾಲಿಗೆ ಹೋಯಿತು, ದೋಣಿ ನೋಡಿಕೊಳ್ಳುವುದು ಇವನ ಪಾಲಿಗೆ ಬಂತು.

ಬಲಗಿವಿ ಹಾಗೆ ಒಮ್ಮೆಗೇ ಹೋಗಲಿಲ್ಲ. ಮೊದಲು ಬೆಳಗಿನ ಹಕ್ಕಿಗಳು ಸುಮ್ಮನಾದವು. ಆಮೇಲೆ ಅಡುಗೆಮನೆಯ ಕುಕ್ಕರ್ ಕೂಗುವುದನ್ನು ಬಿಟ್ಟಿತು. ಕೊನೆಗೆ ಪಕ್ಕದ ಕೋಣೆಯಿಂದ ಹೆಂಡತಿ ಕರೆದದ್ದೂ ಕೇಳದಾಯಿತು. ಅವನು ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತ. ತಾನೇ ಬಿಡದೆ ಮಾತಾಡುತ್ತಿದ್ದರೆ ಇನ್ನೊಬ್ಬರು ಬಾಯಿ ತೆರೆಯಲು ಎಡೆಯಿರುವುದಿಲ್ಲ ಎಂಬುದನ್ನೂ ಕಂಡುಕೊಂಡ. ಕರೆದಾಗ ತಿರುಗದಿದ್ದರೆ ಹೆಂಡತಿ ಸೌಟು ಹಿಡಿದೇ ಎದುರಿಗೆ ಬಂದು ನಿಲ್ಲುತ್ತಿದ್ದಳು. "ಜಾಣಕಿವುಡು! ಅಂಗಡಿಗೆ ಹೋಗಿ ಅಂದ್ರೆ ಕೇಳಲ್ಲ, ಊಟಕ್ಕೆ ಬನ್ನಿ ಅಂದ್ರೆ ಮಾತ್ರ ಚೆನ್ನಾಗಿ ಕೇಳುತ್ತೆ!" ಪಾಪ, ಊಟಕ್ಕೆ ಕರೆದದ್ದೂ ಅವನಿಗೆ ಕೇಳುತ್ತಿರಲಿಲ್ಲ, ವಾಸನೆಗೆ ಎದ್ದು ಬರುತ್ತಿದ್ದ. ಜಾಣಕಿವುಡು ಎಂದಾಗಲೆಲ್ಲ ಹಲ್ಲು ಕಿರಿಯುತ್ತಿದ್ದ. ಮುಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊದಿಕೆ ಅವನಿಗೆ ಸಿಗುವಂತಿರಲಿಲ್ಲ.

ಹೇಳಿಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು ಅನ್ನಬಹುದು. ಹೋಗುತ್ತಿತ್ತು. ದೋಣಿಯಲ್ಲಿ ಕೂರುವವನಿಗೆ ಕೈಗಿಂತ ಕಿವಿ ಮುಖ್ಯ. ಮುಳುಗಿದವನು ಇಳಿದಲ್ಲೇ ಏಳುವುದಿಲ್ಲ, ನೀರಿನ ಸೆಳೆತ ಅವನನ್ನು ಎತ್ತಲೋ ಒಯ್ದಿರುತ್ತದೆ. ಅಲೆ ಸ್ವಲ್ಪ ಎದ್ದಿತೆಂದರೆ ತಲೆ ಕಾಣುವುದಿಲ್ಲ. ಎದ್ದವನು ಓ ಎಂದು ಕೂಗುತ್ತಾನೆ, ಕೂಗು ಬಂದ ಕಡೆ ದೋಣಿ ಹೋಗುತ್ತದೆ. ಕಿವಿ ಕೇಳದವನನ್ನು ಆ ಕೆಲಸಕ್ಕೆ ಯಾರೂ ಹತ್ತಿಸಿಕೊಳ್ಳುವುದಿಲ್ಲ, ಹೆಂಡತಿಯ ತಮ್ಮನೂ ಅಷ್ಟೆ. ಆಮೇಲೆ ಉಳಿಯುವುದು ದಡದಲ್ಲಿ ಬುಟ್ಟಿ ಹೊರುವುದೊಂದೇ.

ಹಳೆಯ ದೋಣಿಯಲ್ಲಿ ಹೇಗೋ ನಡೆಯುತ್ತಿತ್ತು. ಗಾಳಿ ತುಂಬಿ ಹುಟ್ಟು ಹಾಕುವ ಪುಟ್ಟ ರಬ್ಬರ್ ದೋಣಿ ಅದು. ದಡದ ಹತ್ತಿರದ ಬಂಡೆ ಬಿಟ್ಟು ಆಚೆ ಹೋದದ್ದಿಲ್ಲ. ಭಾಮೈದ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುರುಡೆ ತೇಲಿಬಿಡುತ್ತಿದ್ದ. ಇವನು ಆ ಬುರುಡೆಯ ಮೇಲೆ ನೆಟ್ಟ ಕಣ್ಣು ಕೀಳುತ್ತಿರಲಿಲ್ಲ. ತಲೆ ಕಂಡ ಕೂಡಲೇ, ಅವನು ಕೂಗುವ ಮೊದಲೇ, "ಬಾರೋ ಮಹಾರಾಯ, ನಾಲ್ಕು ಮೀನಾದ್ರೂ ಸಿಕ್ತೋ ಇಲ್ಲ ಕೆಳಗೆ ನಿದ್ದೆ ಹೊಡೆದ್ಯೋ" ಎಂದು ಶುರು ಮಾಡುತ್ತಿದ್ದ. ಕೊನೆಗೆ ದೋಣಿ ಬಂಡೆಗೆ ಉಜ್ಜಿ ಉಜ್ಜಿ, ತೇಪೆಯ ಮೇಲೆ ತೇಪೆ ಬಿದ್ದು, ತೇಪೆ ಅಂಟಿಸಲೂ ಜಾಗವಿಲ್ಲದಂತಾಯಿತು.

"ಎಂಜಿನ್ ಕೂರಿಸೋ ಅಂಥದ್ದು ತಗೊಳ್ಳೋಣ ಭಾವ," ಎಂದ ಭಾಮೈದ. "ಹತ್ತಿರದ ಬಂಡೆ ಬೋಳಾಗಿ ಹೋಗಿದೆ. ಹೊರಗಿನ ಬಂಡೆಗೆ ಹೋದ್ರೆ ಮಾತ್ರ ನಮ್ಮ ಬದುಕು."

ಹೊಸದು ಕೊಳ್ಳುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಯಾರಾದರೂ ಬಳಸಿ ಬಿಟ್ಟದ್ದನ್ನೇ ಹುಡುಕಬೇಕಿತ್ತು. ಮೊದಲು ಟೈರ್ ಅಂಗಡಿಯವನ ಹತ್ತಿರ ಒಂದಿದೆ ಎಂದು ಹೋದರು. ಹಳೆಯ ಟೈರುಗಳ ನಡುವೆ ದೋಣಿ ಉಬ್ಬಿ ಕೂತಿತ್ತು. ಬೇರೆಯವರಾದರೆ ಅಂಚಿಗೆ ಕಿವಿಯಿಟ್ಟು ಗಾಳಿ ಸೋರುವ ಸದ್ದು ಕೇಳುತ್ತಾರೆ. ರೇಡಿಯೊ ತುಟಿ ಒದ್ದೆ ಮಾಡಿಕೊಂಡು, ಅಂಚಿಗೆ ತಾಗಿಯೂ ತಾಗದಂತೆ ಉದ್ದಕ್ಕೂ ಸವರಿಕೊಂಡು ಹೋದ. ಒದ್ದೆ ತುಟಿಗೆ ಕೂದಲೆಳೆಯಷ್ಟು ಗಾಳಿಯೂ ತಣ್ಣಗೆ ತಾಗುತ್ತದೆ. "ನೋಡ್ರಪ್ಪಾ, ನಮ್ಮಕ್ಕನಿಗೆ ಸವತಿ ಬಂದ್ಲು," ಎಂದು ಭಾಮೈದ ನಕ್ಕ. ಅಂಚು ಮೂರು ಕಡೆ ಉಸಿರಾಡುತ್ತಿತ್ತು. ರಬ್ಬರು ಬಿಸಿಲಿಗೆ ಬೆಂದು ಕೈಗೆ ಅಂಟುತ್ತಿತ್ತು, ಉಗುರಲ್ಲಿ ಗೀರಿದರೆ ಸಿಪ್ಪೆಯಂತೆ ಎದ್ದು ಬರುತ್ತಿತ್ತು. "ಇದು ದೋಣಿ ಅಲ್ಲ ಮಾರಾಯ, ಸುಟ್ಟ ಬದನೆಕಾಯಿ," ಎಂದ ರೇಡಿಯೊ. ಅಂಗಡಿಯವನು ಸಿಟ್ಟಾದ. ಭಾಮೈದನಿಗಂತೂ ಭಾವನ ಮೇಲೆ ಇದ್ದ ನಂಬಿಕೆ ಇಮ್ಮಡಿಯಾಯಿತು.

ಎರಡನೆಯದು ಕೊಳಾಯಿ ರಿಪೇರಿಯವನ ಶೆಡ್ಡಿನಲ್ಲಿತ್ತು. ರಜೆಯ ದಿನ ಗಾಳ ಹಾಕಲು ಇಟ್ಟುಕೊಂಡಿದ್ದನಂತೆ, ಈಗ ಬೆನ್ನುನೋವಂತೆ. ಕಬ್ಬಿಣದ ಪೈಪುಗಳನ್ನು ಸರಿಸಿ, ದೋಣಿಗೆ ಗಾಳಿ ತುಂಬಿದರು. ರೇಡಿಯೊ ತುಟಿ ಸವರಿದ, ಸೋಪಿನ ನೊರೆ ಬಳಿದು ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಚಹಾ ಕುಡಿದು ಬಂದು ಹೆಬ್ಬೆರಳಲ್ಲಿ ಒತ್ತಿದ. ಗಾಳಿ ಬಿಗಿಯಾಗಿಯೇ ಇತ್ತು. ಭಾಮೈದನ ಮುಖ ಅರಳಿತು.

ಉಳಿದದ್ದು ಹಿಂದಿನ ಹಲಗೆ. ಎಂಜಿನ್ ಕಚ್ಚಿಕೊಳ್ಳುವುದು ಅದಕ್ಕೇ. ಸ್ಕ್ರೂ ತೂತಿನಿಂದ ನೀರಿಳಿದರೆ ಹೊರಗೆ ಬಣ್ಣ ನಗುತ್ತಿರುತ್ತದೆ, ಒಳಗೆ ಮರ ಕೊಳೆಯುತ್ತಿರುತ್ತದೆ. ಅದನ್ನು ತಿಳಿಯಲು ಆ ಕಸುಬಿನವರಿಗೆ ರೂಢಿಯಾದ ದಾರಿ, ಬೆರಳ ಗೆಣ್ಣಿನಿಂದ ಬಡಿದು ಕೇಳುವುದು. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ಬದ್ ಅನ್ನುತ್ತದೆ. ಒಂದು ಕಾಲದಲ್ಲಿ ಈ ಬಡಿತಕ್ಕೆ ರೇಡಿಯೊ ಹೆಸರುವಾಸಿ. ಯಾರು ಹಳೆಯ ದೋಣಿ ಕೊಂಡರೂ ಅವನನ್ನು ಕರೆದುಕೊಂಡು ಹೋಗುತ್ತಿದ್ದರು.

ಹಲಗೆಗೆ ಹೊಸದಾಗಿ ನೀಲಿ ಬಣ್ಣ ಬಳಿದಿತ್ತು. "ಮನೆ ಬಾಗಿಲಿಗೆ ಹೊಡೆದು ಮಿಕ್ಕಿತ್ತು, ಇದಕ್ಕೂ ಹೊಡೆದೆ," ಎಂದ ಕೊಳಾಯಿಯವನು. ಅವನೂ ಭಾಮೈದನೂ ಎಂಜಿನ್ ನೋಡಲು ಹಿತ್ತಲಿಗೆ ಹೋದರು. ನೀರಿನ ಡ್ರಮ್ಮಿನಲ್ಲಿ ಇಳಿಬಿಟ್ಟು ಚಾಲೂ ಮಾಡಿರಬೇಕು, ಶೆಡ್ಡಿನ ತಗಡು ನಡುಗುತ್ತಿದ್ದುದು ರೇಡಿಯೊನ ಅಂಗೈಗೆ ತಿಳಿಯುತ್ತಿತ್ತು. ಅವನು ಮಂಡಿಯೂರಿ ಹಲಗೆಯನ್ನು ಬಡಿದ. ಗೆಣ್ಣಿಗೆ ಬಣ್ಣ ತಾಗಿತು, ಅಷ್ಟೆ. ಇನ್ನೊಂದು ಕಡೆ ಬಡಿದ. ಕೆಳಗಿನ ಮೂಲೆಯಲ್ಲಿ ಬಡಿದ. ಬಲಗಿವಿಯನ್ನು ಹಲಗೆಗೆ ಒತ್ತಿಕೊಂಡು ಬಡಿದ. ಬಾವಿಗೆ ಹಾಕಿದ ಕಲ್ಲು ತಳ ಮುಟ್ಟದ ಹಾಗಿತ್ತು.

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವವನಿಗೆ ಹೊಸ ಬಣ್ಣದ ಅರ್ಥ ಗೊತ್ತಿಲ್ಲದೆ ಇರಲಿಲ್ಲ. ಒಂದು ಮೊಳೆ ತೆಗೆದುಕೊಂಡು ಸ್ಕ್ರೂ ತೂತಿನ ಪಕ್ಕ ಚುಚ್ಚಿ ನೋಡಿದ್ದರೆ ಸಾಕಿತ್ತು. ಆದರೆ ಮೊಳೆ ಕೇಳಿದರೆ, ನಿಮ್ಮ ಕಿವಿ ಇರುವಾಗ ಮೊಳೆ ಯಾಕೆ ಭಾವ ಎಂಬ ಮಾತು ಬರುತ್ತದೆ. ನೀನೂ ಒಮ್ಮೆ ಬಡಿದು ನೋಡು ಎಂದರೂ ಅದೇ ಮಾತು ಬರುತ್ತದೆ. ಅವನು ಹೆದರಿದ್ದ. ಕಡಲಿಗೆ ಎಂದೂ ಹೆದರದವನು ಒಂದು ಮೊಳೆಗೆ ಹೆದರಿದ.

ಭಾಮೈದ ಕೈ ಒರೆಸಿಕೊಳ್ಳುತ್ತಾ ಬಂದ. "ಹೇಗಿದೆ ಭಾವ?"

"ಕಲ್ಲಿದ್ದ ಹಾಗಿದೆ ಕಣೋ," ಎಂದ ರೇಡಿಯೊ. ಆಮೇಲೆ ಮನೆ ಮುಟ್ಟುವವರೆಗೂ ಅವನು ಬಾಯಿ ಮುಚ್ಚಲಿಲ್ಲ.

ಆರಂಭದಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಹೊರಗಿನ ಬಂಡೆಯಲ್ಲಿ ಕಪ್ಪೆಚಿಪ್ಪು ಗೊಂಚಲುಗೊಂಚಲಾಗಿತ್ತು, ಮೀನಿನ ಬುಟ್ಟಿ ತುಂಬುತ್ತಿತ್ತು. ಆದರೆ ಅಲ್ಲಿ ಸಂದಿಗಳೂ ಜಾಸ್ತಿ. ಒಮ್ಮೆ ಹಗ್ಗ ಸಂದಿಯಲ್ಲಿ ಸಿಕ್ಕಿಕೊಂಡು ಭಾಮೈದ ಕೆಳಗೇ ಒದ್ದಾಡಿ ಎದ್ದುಬಂದ. ಹಗ್ಗ ಬಿಚ್ಚಿ ದೋಣಿಯೊಳಗೆ ಎಸೆದ. "ಇನ್ನು ಈ ಬುರುಡೆ ಸಹವಾಸ ಬೇಡ. ಎಂಜಿನ್ ಇದೆ, ನಿಮ್ಮ ಕಿವಿ ಇದೆ. ಕೂಗಿದ ಕಡೆ ಬಂದುಬಿಡಿ, ಮುಗೀತು."

ತುಟಿಯ ಮೇಲೆ ಆ ಮಾತು ಸ್ಪಷ್ಟವಾಗಿ ಕಂಡಿತು. ಈಗಲಾದರೂ ಹೇಳಬೇಕು ಎಂದು ರೇಡಿಯೊಗೆ ಅನ್ನಿಸಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. "ನಿನ್ನಿಷ್ಟ," ಎಂದ. ಅಷ್ಟು ಚಿಕ್ಕ ಮಾತು ಅವನ ಬಾಯಿಂದ ಎಂದೂ ಬಂದದ್ದಿಲ್ಲ. ಮುಳುಗುವಾಗ ಹಾಕುವ ಕನ್ನಡಕದ ಗಾಜಿಗೆ ಉಗುಳಿ ಉಜ್ಜುತ್ತಿದ್ದ ಭಾಮೈದ ಅದನ್ನು ಗಮನಿಸಲಿಲ್ಲ.

ಗಾಳಿ ಎದ್ದ ದಿನ ಬೆಳಗ್ಗೆ ಮೋಡವಷ್ಟೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅಲೆಗಳಿಗೆ ಬಿಳಿ ನೊರೆ ಬಂತು. ಇದೇ ಕೊನೆಯದು ಎಂದು ಬೆರಳು ತೋರಿಸಿ ಭಾಮೈದ ಮುಳುಗಿದ. ದೋಣಿ ಬಂಡೆಯಿಂದ ದೂರ ಜಾರುವುದನ್ನು ಕಂಡು ರೇಡಿಯೊ ಎಂಜಿನ್ನಿನ ಹಗ್ಗ ಎಳೆದು ಜೋರು ಮಾಡಿದ. ದೋಣಿ ಒಂದು ಅಲೆ ಏರಿ ಬಿತ್ತು. ಅವನ ಕೈ ಕೆಳಗೇ ಹಲಗೆ ಮುರಿಯಿತು. ಎಂಜಿನ್ ಪೆಟ್ರೋಲ್ ಕೊಳವೆಗೆ ಒಂದು ಕ್ಷಣ ಜೋತುಬಿದ್ದು, ಅದನ್ನೂ ಹರಿದುಕೊಂಡು ಮುಳುಗಿತು. ಮುರಿದ ಹಲಗೆಯ ಒಳಗೆಲ್ಲ ನೆನೆದ ರಟ್ಟಿನ ಹಾಗೆ ಕಪ್ಪಗಿತ್ತು.

ನೀರು ಒಳಗೆ ನುಗ್ಗಿದರೂ ತುಂಬಿದ ಗಾಳಿಯ ಬಲಕ್ಕೆ ದೋಣಿ ತೇಲುತ್ತಲೇ ಇತ್ತು. ಹುಟ್ಟು ಕೈಯಲ್ಲಿತ್ತು, ತೋಳಲ್ಲಿ ಶಕ್ತಿಯೂ ಇತ್ತು. ಯಾವ ಕಡೆ ಹಾಕಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಅಲೆಯ ಬೆನ್ನುಗಳು. ಅವನು ಮಂಡಿಯ ಮೇಲೆ ನಿಂತು ಓ ಎಂದು ಕೂಗಿದ, ಗಂಟಲು ಹರಿಯುವಂತೆ ಕೂಗಿದ. ಆಮೇಲೆ ಹಳೆಯ ರೂಢಿಯಂತೆ ಬಾಯಿ ಮುಚ್ಚಿ, ತಲೆ ವಾಲಿಸಿ, ಕೇಳಿಸಿಕೊಳ್ಳಲು ನಿಂತ. ಏನೂ ಇಲ್ಲ. ಗಾಳಿಯ ಸದ್ದೂ ಇಲ್ಲ, ಅಲೆಯ ಸದ್ದೂ ಇಲ್ಲ. ಕೊನೆಗೆ, ಭಾಮೈದ ಇಳಿದದ್ದು ಈ ಕಡೆಯೇ ಇರಬೇಕು ಎಂದು ಒಂದು ದಿಕ್ಕು ಹಿಡಿದು, ಅಂಗೈ ಸುಲಿಯುವವರೆಗೆ ಹುಟ್ಟು ಹಾಕಿದ.

ಸಂಜೆಗೆ ಮೀನಿನ ಲಾಂಚಿನವರು ಬಂದು ಅವನನ್ನು ಎತ್ತಿಕೊಂಡರು. ಭಾಮೈದ ಮರುದಿನ ಸಿಕ್ಕಿದ. ರೇಡಿಯೊ ಹುಟ್ಟು ಹಾಕಿದ ದಿಕ್ಕಿನಲ್ಲಲ್ಲ, ಅವನ ಬೆನ್ನ ಹಿಂದಿನ ದಿಕ್ಕಿನಲ್ಲಿ.

ದಡದವರೆಲ್ಲ ಹಲಗೆಯನ್ನು ಬೈದರು, ಕೊಳಾಯಿಯವನನ್ನು ಬೈದರು. ರೇಡಿಯೊನನ್ನು ಯಾರೂ ಏನೂ ಅನ್ನಲಿಲ್ಲ. ಹೆಂಡತಿ ಮಾತ್ರ ಒಂದೇ ಪ್ರಶ್ನೆ ಹಿಡಿದು ಕೂತಳು. "ಕೂಗಲಿಲ್ವಾ ಅವನು?"

"ಇಲ್ಲ."

"ಒಂದು ಸಲಾನೂ?"

"ಇಲ್ಲ ಕಣೇ. ಕೂಗಿದ್ರೆ ನಾನು ಬಿಡ್ತಿದ್ನಾ?"

ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಬಂದವರಿಗೆಲ್ಲ ಹೇಳುತ್ತಿದ್ದಳು: ಕೆಳಗೇ ಉಸಿರು ನಿಂತಿರಬೇಕು, ಎಚ್ಚರ ತಪ್ಪಿ ಹೋಗಿರಬೇಕು, ನನ್ನ ತಮ್ಮ ನರಳಲಿಲ್ಲ. ಹಾಗೆ ಹೇಳಿಕೊಂಡ ಮೇಲೆ ಒಂದಿಷ್ಟು ಊಟ ಮಾಡುತ್ತಿದ್ದಳು, ಒಂದಿಷ್ಟು ಮಲಗುತ್ತಿದ್ದಳು. ಅವಳು ಹಾಗೆ ಹೇಳುವುದನ್ನು ರೇಡಿಯೊ ತುಟಿಯ ಮೇಲೆ ನೋಡುತ್ತಿದ್ದ. ತಾನು ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಅವನಿಗೇ ಗೊತ್ತಿರಲಿಲ್ಲ. ಅದು ಅವನನ್ನು ಒಳಗಿಂದ ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ಅವನು ಹಿತ್ತಲಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು, ಚಾಕುವಿನಿಂದ ಮುರಿದ ಹಲಗೆಯ ಉಳಿದ ತುಂಡನ್ನು ರಬ್ಬರಿನಿಂದ ಬಿಡಿಸುತ್ತಿದ್ದ. ನೆರಳು ಬಿದ್ದದ್ದು ಕಂಡು ತಿರುಗಿದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಗಾಳ ಹಾಕುವ ಮುದುಕ. ಆ ದಿನ ಕಡಲಿಗೆ ಚಾಚಿದ ಬಂಡೆಯ ಮೇಲೆ ಕೂತಿದ್ದವನು, ಓಡಿಹೋಗಿ ಲಾಂಚಿನವರನ್ನು ಕಳಿಸಿದವನು ಅವನೇ. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದ. ಇಬ್ಬರೂ ಎಷ್ಟು ಹೊತ್ತಿನಿಂದ ನಿಂತಿದ್ದರೋ. ರೇಡಿಯೊ ಗಾಬರಿಯಿಂದ ಮಾತು ಶುರು ಮಾಡಿದ. "ಈ ಹಲಗೆ ನೋಡು, ಇದರೊಳಗೆ..."

ಅವಳು ಕೈ ಎತ್ತಿ ತಡೆದಳು. ಹತ್ತಿರ ಬಂದು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಎಳೆಯ ಮಗುವಿಗೆ ಹೇಳುವಂತೆ ಒಂದೊಂದೇ ಮಾತನ್ನು ಬಿಡಿಸಿ ಆಡಿದಳು.

"ಇಷ್ಟು ದಿನ ಹೇಳೋಕೆ ಮನಸ್ಸು ಬರಲಿಲ್ವಂತೆ, ಇವರಿಗೆ ಬಂಡೆ ಮೇಲೆ ಕೇಳಿಸ್ತಂತೆ. ತುಂಬಾ ಹೊತ್ತು ಕೂಗಿದ್ನಂತೆ. ಭಾವಾ, ಭಾವಾ ಅಂತ ಕೂಗಿದ್ನಂತೆ."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಒಂದು ಮಾತೂ ತಪ್ಪಲಿಲ್ಲ.

"ನಾನೀಗ ನಿಮ್ಮ ಬೆನ್ನ ಹಿಂದೆ ನಿಂತು ಕೂಗಿದೆ," ಎಂದಳು. "ಅವನು ಕೂಗಿದ ಹಾಗೇ ಕೂಗಿದೆ. ಇವರು ಕಿವಿ ಮುಚ್ಕೊಂಡ್ರು. ನೀವು ಹಲಗೆ ಕೀಳ್ತಾನೇ ಇದ್ರಿ."

ಮುದುಕ ಮೆಲ್ಲಗೆ ಹಿಂದೆ ಸರಿದು ಹೊರಟುಹೋದ.

"ಯಾವಾಗಿಂದ?"

"ತುಂಬಾ ದಿನ ಆಯ್ತು," ಎಂದ. "ದೋಣಿ ತಗೊಳ್ಳೋಕೆ ಮುಂಚೆಯಿಂದ."

ಅವಳು ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಹಿಂದಿನಿಂದ ದವಡೆ ಆಡುವುದಷ್ಟೇ ಕಾಣುತ್ತಿತ್ತು. ಒಂದು ಕೈ ಗೋಡೆಯನ್ನು ಮತ್ತೆ ಮತ್ತೆ ಬಡಿಯುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು, ಬಹಳ ಹೊತ್ತು ಹೇಳುತ್ತಲೇ ಇದ್ದಳು. ಸುತ್ತಿ ಬಂದು ಮುಖ ನೋಡಿದ್ದರೆ ಏನೆಂದು ತಿಳಿಯುತ್ತಿತ್ತು. ಅವನು ಚಾಕು ಹಿಡಿದು ಕೂತಲ್ಲೇ ಕೂತಿದ್ದ.