ತ್ರಿಕೋನದೊಳಗಿನ ಆಶ್ಚರ್ಯ

ಹೊಸ ಮಿಕ್ಸಿಯ ಡಬ್ಬ ಬಿಚ್ಚಿದೆ. ಥರ್ಮಾಕೋಲಿನ ನಡುವೆ ಒಂದು ಸಣ್ಣ ಪುಸ್ತಕ. ಮೊದಲ ಪುಟದಲ್ಲೇ ಹಳದಿ ತ್ರಿಕೋನ, ಅದರೊಳಗೊಂದು ನೆಟ್ಟನೆಯ ಗೀಟು, ಗೀಟಿನ ಕೆಳಗೊಂದು ಚುಕ್ಕಿ. ನನಗೆ ತಡೆಯಲಾರದ ನಗು ಬಂತು. ಜೀವನ್ ಬಿಮಾ ನಗರದ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಮಿಕ್ಸಿ ನೋಡಿ ನಗುವ ಗಂಡನನ್ನು ಕಂಡು ಹೆಂಡತಿ ಸೌಟು ಹಿಡಿದೇ ನಿಂತುಬಿಟ್ಟಳು. ನಿಮಗಾದರೂ ಕಾರಣ ಹೇಳುತ್ತೇನೆ, ಕೇಳಿ.

ಕೆಲವು ವರ್ಷಗಳ ಹಿಂದೆ ನಾನು ದೊಡ್ಡನೆಕ್ಕುಂದಿಯ ಒಂದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿದ್ದೆ. ಮಷೀನುಗಳ ಜೊತೆ ಬಂದ ದಪ್ಪ ಪುಸ್ತಕಗಳಲ್ಲಿನ ಎಚ್ಚರಿಕೆಯ ಚಿತ್ರಗಳನ್ನು ಕೆಲಸದವರಿಗೆ ಅರ್ಥ ಮಾಡಿಸುವುದು ನನ್ನ ಪಾಲಿಗೆ ಬಂದಿತ್ತು. ಚಿತ್ರಕ್ಕೆ ಭಾಷೆಯ ಹಂಗಿಲ್ಲ, ನೋಡಿದರೆ ಸಾಕು ಎಂದು ಭಾಷಣ ಬಿಗಿದು ಪುಟ ತೆರೆದೆ. ಜಾರಿ ಬೀಳುವ ಮನುಷ್ಯ ಅವರಿಗೆ ಕುಣಿಯುತ್ತಿರುವಂತೆ ಕಂಡ. ಅಡ್ಡಗೆರೆ ಎಳೆದ ಅಂಗೈ ನೋಡಿ, ಇಲ್ಲಿ ಯಾರಿಗೂ ಆಶೀರ್ವಾದ ಮಾಡಬಾರದು ಎಂದರು. ಪುಸ್ತಕ ಓದುವ ಮನುಷ್ಯನ ಚಿತ್ರ ಬಂದಾಗಲಂತೂ, ಕೆಲಸ ಬಿಟ್ಟು ಕೂತ ಸೂಪರ್‌ವೈಸರ್ ಎಂದು ಇಡೀ ಗುಂಪು ಒಂದೇ ದನಿಯಲ್ಲಿ ಹೇಳಿತು. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದರು. ನಾನು ಬೇಗ ಪುಟ ಮಗುಚಿದೆ.

ಈ ಗುಂಪಿನಲ್ಲಿ ಶರಣಮ್ಮ ಇದ್ದಳು. ರಾಯಚೂರಿನ ಕಡೆಯವಳು, ರಾಮಮೂರ್ತಿ ನಗರದ ಬಾಡಿಗೆ ಕೋಣೆಯಿಂದ ಬರುತ್ತಿದ್ದಳು. ಡಬ್ಬ ಕಟ್ಟಿ ಕಟ್ಟಿ ಬೇಸತ್ತಿದ್ದಳು. ಚಿತ್ರಗಳ ಪರೀಕ್ಷೆಯಲ್ಲಿ ಪಾಸಾದರೆ ಕಟಿಂಗ್ ಮಷೀನು, ಕಾಯಂ ಕೆಲಸ; ಫೇಲಾದರೆ ಮತ್ತೆ ಅದೇ ಡಬ್ಬ. ಎಲ್ಲ ಚಿತ್ರಗಳೂ ಅವಳಿಗೆ ಬಾಯಿಪಾಠವಾಗಿದ್ದವು, ಈ ತ್ರಿಕೋನ ಒಂದನ್ನು ಬಿಟ್ಟು.

"ಸಾಲ್ಯಾಗ ನಮ್ಮ ಮಾಸ್ತರು ಇದಕ್ಕ ಆಶ್ಚರ್ಯ ಚಿಹ್ನೆ ಅಂತ ಕಲಿಸ್ಯಾರ್ರೀ ಸರ. ನೀವು ಎಚ್ಚರಿಕಿ ಅಂತೀರಿ. ಮಾಸ್ತರು ಸುಳ್ಳು ಹೇಳ್ಯಾರೇನ್ರಿ?"

ನನಗೂ ನಮ್ಮ ಮೇಷ್ಟರು ಅದನ್ನೇ ಕಲಿಸಿದ್ದರು! ಪರೀಕ್ಷೆಯ ದಿನ ಮಾತ್ರ ಎಚ್ಚರಿಕೆ ಅಂದುಬಿಡು ತಾಯಿ ಎಂದು ಬೇಡಿಕೊಂಡೆ.

ಪರೀಕ್ಷೆಗೆ ಹೊರಗಿನಿಂದ ಒಬ್ಬ ಸೇಫ್ಟಿ ಆಫೀಸರು ಬಂದರು. ಬಂದವರು ಸರಿಯಾಗಿ ಅದೇ ತ್ರಿಕೋನದ ಮೇಲೆ ಬೆರಳಿಟ್ಟರು. ಶರಣಮ್ಮ ನನ್ನ ಕಡೆ ಒಮ್ಮೆ ನೋಡಿ, ಆಶ್ಚರ್ಯ ರೀ ಎಂದಳು.

"ಏನಮ್ಮ ಆಶ್ಚರ್ಯ ಇದ್ರಲ್ಲಿ?" ಎಂದರು ಆಫೀಸರು.

"ಓಡೂ ಮಷೀನ್‌ದಾಗ ಐದು ಬೆರಳು ಹಾಕಿದ್ರ ವಾಪಸ್ ಎಷ್ಟು ಬರ್ತಾವಂಬೋದು ಆಶ್ಚರ್ಯ ರೀ ಸರ. ಅದಕ್ಕ ನಾ ಮೊದಲು ಬಂದ್ ಮಾಡಿ, ಆಮ್ಯಾಲ ಕೈ ಹಾಕ್ತೀನ್ರಿ."

ಆಫೀಸರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗುತ್ತಲೇ ಪಾಸು ಎಂದು ಬರೆದರು. ನನಗಾದ ಖುಷಿ ಅಷ್ಟಿಷ್ಟಲ್ಲ. ಪಾಸಾದದ್ದು ನಾನೇ ಎಂಬಂತೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಹೇಳಿದೆ. ಆಮೇಲೆ ಹೊಸಬರಿಗೆ ತ್ರಿಕೋನದ ಪಾಠ ಮಾಡುವ ಕೆಲಸ ಅವಳದೇ ಆಯಿತು, ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ.

ಕೇಳಿದ್ದೇನೋ ಕೇಳಿದೆ, ಕಲಿಯಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ನಾನು ಮನೆಯಲ್ಲಿ ಓಡುವ ಮಿಕ್ಸಿಗೆ ಚಮಚ ಹಾಕುವ ಆಸಾಮಿ. ಹಳೆಯ ಮಿಕ್ಸಿ ಸತ್ತದ್ದೂ ಹಾಗೆಯೇ. ಹೆಂಡತಿಗೆ ಮಾತ್ರ ಕರೆಂಟಿನ ತಪ್ಪು ಎಂದಿದ್ದೇನೆ, ನೀವು ಬಾಯಿ ಬಿಡಬೇಡಿ.

ಇವತ್ತು ಚಟ್ನಿ ಅರೆಯುವಾಗ ಬ್ಲೇಡಿಗೆ ಕಾಯಿಚೂರು ಸಿಕ್ಕಿಕೊಂಡಿತು. ಸ್ವಿಚ್ಚು ಆರಿಸಿದೆ, ಪ್ಲಗ್ಗು ಕಿತ್ತೆ, ಆಮೇಲೆ ಕೈ ಹಾಕಿ ತೆಗೆದೆ. ಕೈ ತೊಳೆದುಕೊಂಡು ಬೆರಳು ಎಣಿಸಿ ನೋಡಿದೆ. ಐದಕ್ಕೆ ಐದೂ ಇದ್ದವು. ಆಶ್ಚರ್ಯವೇನೂ ಆಗಲಿಲ್ಲ.